ಮಂಗಲವಾಗದ ಪುಸ್ತಕ

“ಆಕಿನ್ನ ಸಾಯಿಸಬ್ಯಾಡ್ರಿ ಅಂತ ಕೇಳಕೊಳ್ಳಾಕ ಬಂದೀನ್ರಿ, ಮಾಸ್ತರ್ರ,” ಅಂದ ಬಸವಣ್ಣೆಪ್ಪ.

ಮುರಿಗೆಪ್ಪನವರು ಮೂಗಿನ ತುದಿಗೆ ಇಳಿದಿದ್ದ ಚಾಳೀಸಿನ ಮೇಲಿಂದ ಅವನನ್ನು ನೋಡಿದರು. ಬಂದವನು ಮೇಲವಂಕಿಯ ಒಕ್ಕಲಿಗ. ಮೂವತ್ತರ ಆಸುಪಾಸಿನ ಆಳು. ಮುಖದ ತುಂಬ ಹನ್ನೆರಡು ದಿನದ ಗಡ್ಡ, ಕೈಯಲ್ಲಿ ಒಂದು ಗಂಟು ಹಸಿ ಶೇಂಗಾ.

“ಯಾರನ್ನ ಸಾಯಸಬಾರದೋ ತಮ್ಮಾ?”

“ಶಂಕ್ರವ್ವನ್ನರಿ.”

“ಯಾವ ಶಂಕ್ರವ್ವ?”

“ಹಿಂಗಂದ್ರ ಹೆಂಗ್ರಿ? ನಿಮ್ಮ ಶಂಕ್ರವ್ವರಿ!”

ಒಳಗೆ ಜೋಳ ಹಸನು ಮಾಡುತ್ತಿದ್ದ ಯಲ್ಲವ್ವನ ಮೊರ ಟಪ್ಪನೆ ನಿಂತಿತು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು, ನಿಮ್ಮ ಶಂಕ್ರವ್ವ ಅಂತ ಹೊರಗಿನವನೊಬ್ಬ ಬಂದು ಅಂದರೆ ಮೊರ ನಿಲ್ಲದೆ ಇದ್ದೀತೆ? ಆದರೆ ಮರುಗಳಿಗೆಗೆ ಅವಳಿಗೂ ತಿಳಿಯಿತು, ಇವರಿಗೂ ತಿಳಿಯಿತು. ಶಂಕ್ರವ್ವ ಅಂದರೆ ‘ಹೊಳೆದಂಡೆಯ ಶಂಕ್ರವ್ವ’. ಮುರಿಗೆಪ್ಪನವರು ಬರೆದ ಐದು ಕಾದಂಬರಿಗಳಲ್ಲಿ ಎರಡನೆಯದು. ಧಾರವಾಡದ ಸಂಘದವರು ಶಾಲು ಹೊದಿಸಿದ್ದು ಅದಕ್ಕೇ.

“ಆಕಿ ಸತ್ತು ಒಂಬತ್ತ ವರ್ಷಾತು,” ಅಂದರು ಮುರಿಗೆಪ್ಪನವರು. “ಪುಸ್ತಕ ಮೂರ ಸಲ ಅಚ್ಚಾಗೇತಿ. ಮೂರೂ ಸಲ ಸತ್ತಾಳ.”

“ನಮ್ಮೂರಾಗ ಇನ್ನೂ ಸತ್ತಿಲ್ರಿ.”

ಮುರಿಗೆಪ್ಪನವರಿಗೆ ನಗು ಬರಬೇಕಾಗಿತ್ತು. ಬೇರೆ ದಿನವಾಗಿದ್ದರೆ ಬರುತ್ತಿತ್ತು ಕೂಡ. ಜನರ ಮಾತೆಂದರೆ ಜೀವ ಬಿಡುವ ಮನುಷ್ಯ ಅವರು. ಹುಕ್ಕೇರಿಯಲ್ಲಿ ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು, ಗೋಕಾಕಕ್ಕೆ ಬಂದು ಅರಳೆ ಅಂಗಡಿಯ ಗುಮಾಸ್ತರಾಗಿ, ಗಾಡಿಕಾರರ ಜಗಳ, ಹಮಾಲರ ಚೇಷ್ಟೆ, ಸಂತೆಯ ಹೆಂಗಸರ ಬೈಗುಳ ಕೇಳಿ ಕೇಳಿ ಬರೆಯುವುದನ್ನು ಕಲಿತವರು. ಒಂದು ದಿನವೂ ಕಲಿಸದಿದ್ದರೂ ಊರವರೆಲ್ಲ ಅವರನ್ನು ಮಾಸ್ತರ್ರ ಎಂದೇ ಕರೆಯುತ್ತಿದ್ದರು. ಪುಸ್ತಕ ಬರೆಯುವವರಿಗೆ ಬೇರೆ ಹೆಸರು ಅವರಿಗೆ ಗೊತ್ತಿರಲಿಲ್ಲ. ಆದರೆ ಸಾವಿರದ ಒಂಬೈನೂರ ಮೂವತ್ತೆಂಟರ ಆ ಶ್ರಾವಣದ ರವಿವಾರ ಮುಂಜಾನೆ ಅವರ ತಲೆ ಕೆಟ್ಟು ಹೋಗಿತ್ತು.

ಕಾರಣ ಬೆಳಗಾವಿಯಿಂದ ಬಂದ ಒಂದು ಪತ್ರ. ಅಲ್ಲಿಯ ಸಾಹಿತ್ಯ ಕೂಟದವರು ‘ಬರೆಯುವ ಬಗೆ’ ಎಂಬ ವಿಷಯದ ಮೇಲೆ ಭಾಷಣ ಮಾಡಲು ಕರೆದಿದ್ದರು. ‘ಶಂಕ್ರವ್ವನ ಕೊನೆಯ ಅಧ್ಯಾಯವನ್ನು ಓದಿ ಕಣ್ಣೀರಿಡದವರಿಲ್ಲ. ಅದನ್ನು ತಾವು ಹೇಗೆ ಕಟ್ಟಿದಿರೆಂದು ತಿಳಿಸಿದರೆ ಹೊಸ ಲೇಖಕರಿಗೆ ದಾರಿಯಾದೀತು. ಭಾಷಣವನ್ನು ಅಚ್ಚು ಹಾಕಿಸುವವರಿದ್ದೇವೆ, ಗುರುವಾರದೊಳಗೆ ಬರೆದು ಕಳಿಸಬೇಕು.’ ಮುರಿಗೆಪ್ಪನವರು ಆ ಪತ್ರವನ್ನು ಯಲ್ಲವ್ವನಿಗೆ ಎರಡು ಸಲ ಓದಿ ಹೇಳಿ, ಮೇಜಿನ ಮುಂದೆ ಕೂತಿದ್ದರು. ಕೂತು ಎಂಟು ದಿನವಾಗಿತ್ತು. ಹನ್ನೊಂದು ಹಾಳೆ ಬರೆದು ಹರಿದಿದ್ದರು. ಕತೆಯಲ್ಲಾದರೆ ಯಾರಾದರೂ ಬಂದು ಮಾತಾಡುತ್ತಾರೆ, ಅದರ ಬೆನ್ನು ಹಿಡಿದು ಹೋಗಬಹುದು. ಭಾಷಣದಲ್ಲಿ ಯಾರೂ ಬರುವುದಿಲ್ಲ. ತಾವೊಬ್ಬರೇ. ತಮ್ಮೊಬ್ಬರ ದನಿ ಇಷ್ಟು ಬೇಸರದ್ದು ಎಂದು ಅವರಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

“ಬರಹವೆಂಬುದು, ಬರಹವೆಂಬುದು ಅಂತ ಹನ್ನೊಂದ ಸಲ ಬರದ್ರಪಾ ಇವರು,” ಯಲ್ಲವ್ವ ಮೊರ ಹಿಡಿದುಕೊಂಡೇ ಹೊರಗೆ ಬಂದು ಬಸವಣ್ಣೆಪ್ಪನ ಮುಂದೆ ದೂರಿದಳು. “ಬರಹ ಅಂದ್ರ ಏನಂತ ಇನ್ನೂ ಗೊತ್ತಾಗವಲ್ದು. ನಿಮ್ಮೂರಿಗೆ ಕರಕೊಂಡ ಹೋಗು. ಗಾಳಿ ಬಡದ್ರರ ತಿಳದೀತು.”

“ನೀ ಸುಮ್ಮನ ಕುಂಡ್ರು,” ಅಂದರು ಮುರಿಗೆಪ್ಪನವರು. “ಏ ತಮ್ಮಾ, ನೆಟ್ಟಗ ಹೇಳು. ಏನ ನಡದೈತಿ ನಿಮ್ಮೂರಾಗ?”

ಬಸವಣ್ಣೆಪ್ಪ ಹೇಳಿದ. ಮೇಲವಂಕಿಯಲ್ಲಿ ಶ್ರಾವಣ ಬಂದರೆ ಚಾವಡಿಯಲ್ಲಿ ಪುರಾಣ ಹಚ್ಚುವುದು ಹಿಂದಿನಿಂದ ನಡೆದು ಬಂದದ್ದು. ಒಬ್ಬ ಒಂದೊಂದೇ ಸಾಲು ಓದಬೇಕು, ಇನ್ನೊಬ್ಬ ಅದರ ಅರ್ಥ ಬಿಡಿಸಿ ಹೇಳಬೇಕು. ಈ ವರ್ಷ ಹಳೆಯ ಪುರಾಣದ ಹೊತ್ತಿಗೆ ತೆಗೆದು ನೋಡಿದರೆ ನಡುವಿನ ಅರ್ಧವನ್ನು ಗೆದ್ದಲು ತಿಂದಿತ್ತು. ಬಸವಣ್ಣೆಪ್ಪ ಗೋಕಾಕದಿಂದ ತಂದಿಟ್ಟುಕೊಂಡಿದ್ದ ಒಂದೇ ಒಂದು ಪುಸ್ತಕ ‘ಹೊಳೆದಂಡೆಯ ಶಂಕ್ರವ್ವ’. ಅದನ್ನೇ ಪೀಠದ ಮೇಲಿಟ್ಟು, ವಿಭೂತಿ ಹಚ್ಚಿ, ಹೂ ಏರಿಸಿ ಶುರು ಮಾಡಿದರು. ಇಪ್ಪತ್ತೊಂದು ಅಧ್ಯಾಯ ಸುಖವಾಗಿ ನಡೆಯಿತು. ಇಪ್ಪತ್ತೆರಡನೆಯದು ಕೊನೆಯದು. ಅದನ್ನು ಬಸವಣ್ಣೆಪ್ಪ ಚಾವಡಿಗೆ ತರುವ ಮೊದಲೇ ಹಿರಿಯರಿಗೆ ಓದಿ ಹೇಳಿದ: ಅದರಲ್ಲಿ ಶಂಕ್ರವ್ವ ಹೊಳೆಗೆ ಬೀಳುತ್ತಾಳೆ. ಅಲ್ಲಿಗೆ ಓದು ನಿಂತಿತು.

“ಹಚ್ಚಿದ ಪುರಾಣಕ್ಕ ಮಂಗಲಾ ಆಗಬೇಕ್ರಿ. ಹೆಣಾ ಇಟಗೊಂಡ ಮಂಗಲಾರತಿ ಹೆಂಗ ಮಾಡೂದ್ರಿ? ಮಂಗಲಾ ಆಗೂತನಕ ಓದಾಂವ ಗಡ್ಡಾ ಬೋಳಸೂಹಂಗಿಲ್ಲ, ಒಂದ ಹೊತ್ತಿನ ಊಟಾ. ನನ್ನ ಮಾರಿ ನೋಡ್ರಿ. ನನ್ನ ಹೆಣ್ತಿ ನನಗ ಜಂಗಲಿನಿಂದ ಬಂದಾನ ಅಂತಾಳ್ರಿ. ನಮ್ಮೂರ ಹಿರೇಕಿ ಅಕ್ಕವ್ವಾಯಿ ಹೇಳಿದ್ಳು, ಬರದವರನ್ನ ಕರಕೊಂಡ ಬರ್ರಿ, ಅವರನ್ನ ಕೇಳೂಣು ಅಂತ. ನಿಜಾಮಸಾಬ ಕಾಕಾ ಗಾಡಿ ಹೊಡಕೊಂಡ ಬಂದಾನ, ಹೊರಗ ಕುಂತಾನ್ರಿ.”

ಮುರಿಗೆಪ್ಪನವರು ಎದ್ದು ರುಮಾಲು ಸುತ್ತಿಕೊಂಡರು. ಕೊನೆಯನ್ನು ಬದಲಿಸುವ ಯೋಚನೆ ಅವರಿಗೆ ಇರಲೇ ಇಲ್ಲ. ಇವರಿಗೊಂದು ತಿಳಿವಳಿಕೆ ಹೇಳಿ ಬರೋಣ, ಹೇಳುವಾಗ ಭಾಷಣಕ್ಕೂ ಒಂದು ದಾರಿ ಸಿಕ್ಕೀತು, ನಾಳೆ ಮುಂಜಾನೆ ತಿರುಗಿದರೆ ಆಯಿತು, ಅಂದುಕೊಂಡರು. ಲೇಖಣಿ, ಹಾಳೆ ಏನೂ ತೆಗೆದುಕೊಳ್ಳದೆ ಗಾಡಿ ಹತ್ತಿದರು.

*

ನಿಜಾಮಸಾಬ ಮೇಲವಂಕಿಯ ದರ್ಜಿ. ಅರವತ್ತು ದಾಟಿದ, ಉದ್ದನೆಯ, ಸಣಕಲು ಮನುಷ್ಯ. ಮೊಹರಮ್ಮಿನಲ್ಲಿ ರಿವಾಯತ ಪದ ಹೇಳುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರಾದವನು. ಪುಸ್ತಕದ ಅರ್ಥ ಬಿಡಿಸುವ ಕೆಲಸ ಅವನದೇ.

“ಅರ್ಥ ಹೇಳೂದು ಅಂದ್ರ ಏನ್ರಿ ಸಾಹೇಬ್ರ?” ಮುರಿಗೆಪ್ಪನವರು ಕೊಂಕಿನಿಂದಲೇ ಕೇಳಿದರು. ಮಳೆಗೆ ರಾಡಿಯಾಗಿದ್ದ ದಾರಿಯಲ್ಲಿ ಗಾಡಿ ಅವರನ್ನು ಅಕ್ಕಿಯ ಹಾಗೆ ಕೇರುತ್ತಿತ್ತು. “ನನ್ನ ಪುಸ್ತಕ ಕನ್ನಡದಾಗನ ಐತಲ್ಲ?”

“ಐತ್ರಿ, ಇಲ್ಲಂದ್ರ ಹೆಂಗ. ಆದ್ರ ಇಸ್ತ್ರಿ ಹೊಡದ ಕನ್ನಡಾರಿ ಅದು. ಮಡಿಕಿ ಬಿಚ್ಚಿದ್ರ ಎಲ್ಲಿ ಕೆಡತೈತೋ ಅಂತ ಮಂದಿ ಮುಟ್ಟಾಕ ಅಂಜತಾರ. ನಾ ದರ್ಜಿ ಅದೇನ್ರಿ. ಮೈಮ್ಯಾಲ ಹಾಕಿ ನೋಡತೇನಿ, ಎಲ್ಲಿ ಬಿಗೀತೈತಿ ಅಲ್ಲಿ ಹೊಲಿಗಿ ಬಿಚ್ಚತೇನಿ.”

ಮುರಿಗೆಪ್ಪನವರು ದಾರಿಯ ಕಡೆ ಮುಖ ತಿರುಗಿಸಿದರು. ಶಂಕ್ರವ್ವನನ್ನು ಅವರು ಮೊದಲು ಬರೆದದ್ದು ಕಿವಿಯಲ್ಲಿ ಬಿದ್ದ ಮಾತಿನಲ್ಲೇ. ಅಚ್ಚುಕೂಟದವರು ಹಸ್ತಪ್ರತಿ ತಿರುಗಿ ಕಳಿಸಿ, ಇದು ಶಿಷ್ಟರು ಓದುವ ಭಾಷೆಯಲ್ಲ ಎಂದು ಬರೆದಿದ್ದರು. ಆಗ ಇವರು ಎರಡು ತಿಂಗಳು ಕೂತು ತಮ್ಮ ಕೈಯಿಂದಲೇ ಇಸ್ತ್ರಿ ಹೊಡೆದಿದ್ದರು. ಆ ಸಂಗತಿಯನ್ನು ಯಲ್ಲವ್ವನಿಗೂ ಹೇಳಿರಲಿಲ್ಲ.

ಮೇಲವಂಕಿ ಮುಟ್ಟುವಾಗ ಹೊತ್ತು ಇಳಿದಿತ್ತು. ಇಳಿದುಕೊಂಡದ್ದು ಅಕ್ಕವ್ವನ ಮನೆಯಲ್ಲಿ. ಗಂಡ ತೀರಿಕೊಂಡ ಮೇಲೆ ಮೂವತ್ತು ವರ್ಷ ಒಬ್ಬಳೇ ಕಮತ ಮಾಡಿಸಿದ ಹೆಂಗಸು. ಅಕ್ಷರ ಬಾರದು, ಆದರೆ ಊರಿನ ನ್ಯಾಯ ಅವಳ ಕಟ್ಟೆ ಹತ್ತದೆ ಮುಗಿಯುತ್ತಿರಲಿಲ್ಲ. ಮಗ, ಸೊಸೆ, ಮೊಮ್ಮಕ್ಕಳು, ಆಳುಗಳು ಎಲ್ಲ ಸೇರಿ ಹದಿನೆಂಟು ಜನರ ಮನೆ. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಲೆ, ಮೊಸರು, ಖಾರದ ಹಿಂಡಿ ಬಡಿಸಿದಳು. ತವರು ಮೂಡಲಗಿಯ ಸುದ್ದಿ ಮಾತಾಡಿದಳು, ಯಲ್ಲವ್ವನ ಮಂಡಿನೋವಿಗೆ ಔಷಧ ಹೇಳಿದಳು. ಪುಸ್ತಕದ ಮಾತನ್ನು ಮಾತ್ರ ಎತ್ತಲಿಲ್ಲ.

“ಮುಂಜಾನೆ ಲಗೂನ ಹೊರಡತೇನಿ ಯವ್ವಾ,” ಅಂದರು ಮುರಿಗೆಪ್ಪನವರು ಕೈ ತೊಳೆಯುತ್ತ. “ಏನ ಕೇಳೂದೈತಿ ಈಗ ಕೇಳಿಬಿಡ್ರಿ.”

“ಮುಂಜಾನೆ ಹೆಂಗ ಹೋಗತೀರಿ? ನಾಳಿ ಸೋಮಾರ ಐತಲ್ರಿ.”

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನ ದಿನ. ಹುಕ್ಕೇರಿಯ ಒಕ್ಕಲು ಮನೆಗಳ ನಡುವೆ ಬೆಳೆದ ಮುರಿಗೆಪ್ಪನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ; ಆದರೂ ಮರೆತಿದ್ದರು. ಮಂಗಳವಾರ ಹೊರಟರೆ ಮನೆ ಮುಟ್ಟುವುದು ಮಂಗಳವಾರ ಸಂಜೆ. ಉಳಿಯುವುದು ಬುಧವಾರ ಒಂದೇ. ಸಿಟ್ಟಿನಿಂದ ಅವರಿಗೆ ಬಿಕ್ಕಳಿಕೆ ಹತ್ತಿತು.

“ಗೋಕಾಕದಾಗನ ಈ ಮಾತ ಯಾಕ ಹೇಳಲಿಲ್ಲೋ?” ಎಂದು ಬಸವಣ್ಣೆಪ್ಪನ ಮೇಲೆ ಹರಿಹಾಯ್ದರು.

“ಹೇಳಿದ್ರ ಬರತಿದ್ರೇನ್ರಿ?” ಅಂದ ಅವನು, ಗಡ್ಡ ಕೆರೆಯುತ್ತ.

*

ಸೋಮವಾರ ಮಧ್ಯಾಹ್ನ ಚಾವಡಿ ತುಂಬಿತು. ಬೇಸಾಯವಿಲ್ಲದ ದಿನ, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಬಾಗಿಲಾಚೆ ಜಿನುಗುಮಳೆ. ಪೀಠದ ಮೇಲೆ ಹಸಿರು ಬಟ್ಟೆ ಹೊದಿಸಿ ಪುಸ್ತಕ ಇಟ್ಟಿದ್ದರು. ತಮ್ಮ ಪುಸ್ತಕಕ್ಕೆ ವಿಭೂತಿ ಹಚ್ಚಿದ್ದನ್ನು ಕಂಡು ಮುರಿಗೆಪ್ಪನವರ ಕೈಗಳು ತಾವಾಗಿ ಮುಗಿದುಕೊಂಡವು. ಶಾಲು ಹೊದಿಸಿದ ದಿನವೂ ಹಾಗಾಗಿರಲಿಲ್ಲ.

“ನಡುವ ಎಲ್ಲ್ಯಾರ ಒಂದ ತುಣುಕ ಓದ್ರಿ,” ಅಂದರು. “ನೀವು ಹೆಂಗ ಮಾಡತೀರಿ ನೋಡೂನು.”

ಬಸವಣ್ಣೆಪ್ಪ ಹದಿನೇಳನೆಯ ಅಧ್ಯಾಯ ತೆಗೆದ. ದಡ್ಡಿಯ ಬಳಿಯ ಹೊಳೆದಂಡೆಯ ಊರು ಬಿಟ್ಟು ಶಂಕ್ರವ್ವನ ಗಂಡ ಗೋಕಾಕ ಫಾಲ್ಸಿನ ಗಿರಣಿಗೆ ಕೆಲಸಕ್ಕೆ ಹೊರಡುವ ಭಾಗ. ರಾಗವಾಗಿ ಓದಿದ: “ಪತಿಯು ಗಿರಣಿಯತ್ತ ತೆರಳಿದಂದಿನಿಂದ ಅವಳ ಮನವು ಶೂನ್ಯವಾಯಿತು.”

ಓದು ನಿಂತಿತು. ಎಲ್ಲರ ಮುಖ ನಿಜಾಮಸಾಬನ ಕಡೆ ತಿರುಗಿತು. ಅವನು ಕಣ್ಣು ಮುಚ್ಚಿ, ತೊಡೆಯ ಮೇಲೆ ಕೈ ಇಟ್ಟುಕೊಂಡು ಶುರು ಮಾಡಿದ.

“ಅಂದ್ರ ಏನ್ರಪಾ, ಗಂಡಾ ಗಂಟ ಹೆಗಲಿಗೆ ಒಗಕೊಂಡು ಗಿರಣಿಗೆ ಹ್ವಾದ. ಈಕಿ ಏನ ಮಾಡಿದ್ಳು? ಅಳಲಿಲ್ಲ. ಒಲಿ ಮುಂದ ಕುಂತ ರೊಟ್ಟಿ ಬಡದ್ಳು. ಬಡದ ಮ್ಯಾಲ ಬುಟ್ಟಿ ನೋಡತಾಳ, ಇಬ್ಬರಿಗೆ ಆಗೂವಷ್ಟು ಬಡದ ಕುಂತಾಳ! ಕೈಗೆ ಇನ್ನೂ ಗೊತ್ತಾಗಿಲ್ಲ ಗಂಡ ಹೋಗ್ಯಾನ ಅಂತ. ಮರುದಿನಾ ಆ ತಂಗಳ ರೊಟ್ಟಿನ ಮುರಕೊಂಡ ತಿಂದ್ಳು. ಅದರ ಮರುದಿನಾನೂ ಇಬ್ಬರದ ಬಡದ್ಳು. ಹನ್ನೆರಡ ದಿನಾ ತಂಗಳ ತಿಂದ್ಳು ತಂಗೀ, ಹನ್ನೆರಡ ದಿನಾ.”

“ಅಯ್ಯ ನಮ್ಮವ್ವ,” ಎಂದು ಹೆಂಗಸರ ಕಡೆಯಿಂದ ಯಾರೋ ಮೂಗು ಸೆಳೆದರು.

ಮುರಿಗೆಪ್ಪನವರು ಕೂತಲ್ಲೇ ಬೆವೆತರು. ಪುಸ್ತಕದಲ್ಲಿ ರೊಟ್ಟಿ ಇರಲಿಲ್ಲ. ಇಸ್ತ್ರಿ ಹೊಡೆಯುವ ಮೊದಲಿನ ಪ್ರತಿಯಲ್ಲೂ ಇರಲಿಲ್ಲ. ‘ಮನವು ಶೂನ್ಯವಾಯಿತು’ ಎಂದು ಬರೆದು, ಎರಡು ಶಬ್ದದಲ್ಲಿ ಕೆಲಸ ತೀರಿತೆಂದು ಮುಂದೆ ಹೋಗಿದ್ದರು. ಶೂನ್ಯ! ಎಷ್ಟು ಸಲೀಸಾದ ಶಬ್ದ. ಒಳಗೆ ಏನೂ ಇಡಬೇಕಾಗಿಲ್ಲ. ಯಲ್ಲವ್ವ ದಿನಾ ಕಣ್ಣೆದುರಿಗೇ ರೊಟ್ಟಿ ಬಡಿಯುತ್ತಾಳೆ, ಮೂವತ್ತು ವರ್ಷದಿಂದ. ತಮಗೆ ಯಾಕೆ ಕಾಣಲಿಲ್ಲ? ಈ ಮನುಷ್ಯನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ತಮ್ಮ ಮೇಲೆ ಬಂತು. ಅದು ಸಿಟ್ಟಿಗಿಂತಲೂ ಹೊಟ್ಟೆಕಿಚ್ಚು ಎಂದು ಗೊತ್ತಾಗಿ ಮತ್ತಷ್ಟು ಸಿಟ್ಟು ಬಂತು.

ಹಾಗೆ ಸಿಟ್ಟಿನಲ್ಲೇ ಎದ್ದು ನಿಂತು ಅವರು ಮಾತಿಗೆ ತೊಡಗಿದರು. ಎಂಟು ದಿನದಿಂದ ಹಾಳೆಯ ಮೇಲೆ ಬಾರದ ಮಾತು ಇಲ್ಲಿ ಸರಾಗವಾಗಿ ಬಂತು.

“ನೋಡ್ರಿ, ಕತಿ ಬರಿಯಾಂವಗ ಮೊದಲ ಕೊನಿ ಗೊತ್ತಿರಬೇಕು. ಕೊನಿ ಗೊತ್ತಿಲ್ದ ಬರಿಯೂದಂದ್ರ ಎಲ್ಲಿಗೆ ಹೋಗೂದು ಅನ್ನೂದ ತಿಳೀಲಾರದ ಗಾಡಿ ಹೂಡಿದಂಗ. ಶಂಕ್ರವ್ವ ಮೊದಲನೇ ಪುಟದಾಗ ಬಾಗಲಾ ದಾಟಿ ಬಂದಾಗನ ಆಕಿ ಹೊಳಿಗೆ ಬೀಳಾಕಿ ಅಂತ ನನಗ ಗೊತ್ತಿತ್ತು. ಮುನ್ನೂರ ಪುಟಾ ಆಕಿನ್ನ ಅಲ್ಲಿಗೆ ನಡಿಸಿಕೊಂಡ ಹ್ವಾದೆ. ಗಂಡಾ ಫಾಲ್ಸಿನಾಗ ಇನ್ನೊಂದ ಲಗ್ನಾ ಮಾಡಕೊಂಡ. ಆಕಿಗೆ ಉಳದದ್ದು ಹೊಳಿ ಒಂದ. ಬರಿಯಾಂವಗ ಮರಮರಾ ಅನಸಬಹುದು, ಕೈ ನಡುಗಬಹುದು, ಆದ್ರ ದಯಾ ತೋರಸಬಾರದು. ದಯಾ ತೋರಿಸಿದ್ರ ಕತಿ ಸುಳ್ಳಾಕ್ಕೈತಿ. ಅದಕ್ಕನ ಕೊನೀ ಸಾಲ ಹಂಗ ಬರದೇನಿ: ‘ಹೊಳೆಯು ಅವಳನ್ನು ಯಾಕೆಂದು ಕೇಳಲಿಲ್ಲ.’ ಬೆಳಗಾವಿ, ಧಾರವಾಡ, ಎಲ್ಲಿ ಹೋದ್ರೂ ಮಂದಿ ಈ ಸಾಲ ಬಾಯಿಪಾಠ ಹೇಳತಾರ.”

ತಮ್ಮ ಮಾತು ನಾಟಿತೆಂದು ಮುರಿಗೆಪ್ಪನವರು ಕೂತರು. ಇದನ್ನೇ ಬರೆದು ಕಳಿಸಿಬಿಡಬೇಕು, ಒಂದಕ್ಷರ ಬದಲಿಸದೆ, ಎಂದು ಒಳಗೇ ಅಂದುಕೊಂಡರು.

“ಮಾಸ್ತರ್ರ,” ಅಂದಳು ಅಕ್ಕವ್ವ, ಕಂಬಕ್ಕೆ ಬೆನ್ನು ಕೊಟ್ಟು ಕೂತಲ್ಲಿಂದ. “ಹೊಳಿ ಕೇಳಲಿಲ್ಲ, ಖರೆ. ನಾವು ಕೇಳತೀವ್ರಿ. ಆಕಿ ಹೊಳಿಗೆ ಹೋಗೂಮುಂದ ಕೂಸ ಎಲ್ಲಿತ್ತು?”

“ಯಾವ ಕೂಸು?”

ಅಂದದ್ದೇ ತಡ, ಹೆಂಗಸರ ಸಾಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಸವಣ್ಣೆಪ್ಪ ತಲೆ ತಗ್ಗಿಸಿದ.

“ಕಾಶೆವ್ವರಿ,” ಅಂದಳು ಅಕ್ಕವ್ವ.

“ಕಾಶೆವ್ವ ಅನ್ನೂವರು ಯಾರೂ ಇಲ್ಲ ನನ್ನ ಪುಸ್ತಕದಾಗ.”

“ನೀವು ಹೆಸರ ಇಡಲಿಲ್ರಿ. ಹುಟ್ಟಿದಾಗಿಂದ ‘ಮಗು, ಮಗು’ ಅಂತ ಕರದ್ರಿ. ಹೆಸರಿಲ್ದ ಕೂಸ ಇರತೈತೇನ್ರಿ? ನಾವು ಇಟ್ವಿ.”

ಪುರಾಣದಲ್ಲಿ ಕೂಸು ಹುಟ್ಟುವ ಭಾಗ ಬಂದರೆ ಕೇಳುವವರು ತೊಟ್ಟಿಲು ಕಟ್ಟುವುದು, ಮದುವೆ ಬಂದರೆ ಅಕ್ಷತೆ ಹಾಕುವುದು ಈ ಕಡೆಯ ಪದ್ಧತಿ. ಒಂಬತ್ತನೆಯ ಅಧ್ಯಾಯದಲ್ಲಿ ಶಂಕ್ರವ್ವ ಹೆತ್ತಾಗ ಮೇಲವಂಕಿಯವರು ಇದೇ ಚಾವಡಿಯ ಕಂಬಕ್ಕೆ ತೊಟ್ಟಿಲು ಕಟ್ಟಿ, ಒಳಗೆ ಕುಂಚಿಗೆ ಹೊದಿಸಿದ ತೆಂಗಿನಕಾಯಿ ಮಲಗಿಸಿ, ಐವರು ಮುತ್ತೈದೆಯರು ತೂಗಿ, ಕಾಶೆವ್ವ ಎಂದು ಕಿವಿಯಲ್ಲಿ ಕೂಗಿ, ಗುಗ್ಗರಿ ಹಂಚಿದ್ದರು. ತೂಗಿದ ಕೈಗಳು ಮರೆಯುವುದಿಲ್ಲ.

“ಪುಸ್ತಕ ತಾ ಇಲ್ಲೆ,” ಅಂದರು ಮುರಿಗೆಪ್ಪನವರು.

ಹತ್ತೊಂಬತ್ತನೆಯ ಅಧ್ಯಾಯ. ಮಗು ಕಂಕುಳಲ್ಲಿ ಇತ್ತು. ಇಪ್ಪತ್ತು, ಮಗುವಿಗೆ ಜ್ವರ. ಇಪ್ಪತ್ತೊಂದರಲ್ಲಿ ಜ್ವರ ಬಿಟ್ಟು ಮಗು ನಕ್ಕಿತ್ತು, ಅರ್ಧ ಪುಟ ನಕ್ಕಿತ್ತು. ಇಪ್ಪತ್ತೆರಡು. ಮುರಿಗೆಪ್ಪನವರು ಬೆರಳಿಟ್ಟು ಸಾಲುಸಾಲಾಗಿ ಹುಡುಕಿದರು. ಗಂಡನ ಮರುಮದುವೆಯ ಸುದ್ದಿ ಬಂತು. ಶಂಕ್ರವ್ವ ದೀಪ ಆರಿಸಿದಳು. ಬಾಗಿಲು ಎಳೆದುಕೊಂಡಳು. ಬಿಚ್ಚಿದ ಕೂದಲು, ಮರಳ ಮೇಲೆ ಹೆಜ್ಜೆ, ದಂಡೆಯ ಮೇಲೆ ಬಳೆ ಒಡೆದುಕೊಂಡದ್ದು, ಚಂದ್ರ, ನೀರಿನಲ್ಲಿ ಚಂದ್ರ, ಮತ್ತೆ ಚಂದ್ರ. ಹದಿನಾಲ್ಕು ಪುಟ. ಕೂಸಿಲ್ಲ. ತಿರುಗಿ ಮೊದಲಿಂದ ನೋಡಿದರು. ಒಂದು ಸಾಲಿನಲ್ಲೂ ಇಲ್ಲ.

“ಚಂದ್ರಾಮಗ ಒಂದೂವರಿ ಪುಟಾ ಕೊಟ್ಟೀರಿ,” ಅಂದಳು ಅಕ್ಕವ್ವ. ಚುಚ್ಚಲು ಅಂದದ್ದಲ್ಲ, ಪಂಚಾಯತಿಯಲ್ಲಿ ಹೊಲದ ಅಳತೆ ಹೇಳುವಂತೆ ಹೇಳಿದಳು.

“ಕೂಸು ಅತ್ತೀ ಹಂತ್ಯಾಕ ಇತ್ತು,” ಅಂದರು ಮುರಿಗೆಪ್ಪನವರು.

“ಅತ್ತಿ ಹದಿನೈದನೇ ಅಧ್ಯಾಯದಾಗ ತೀರಕೊಂಡ್ಳಲ್ರಿ,” ಅಂದ ಬಸವಣ್ಣೆಪ್ಪ ಮೆಲ್ಲಗೆ.

“ಬಾಜೂ ಮನಿಯಾಗ ಬಿಟ್ಟ ಹೋಗಿದ್ದಾಳು.”

“ಬಾಜೂ ಮನಿಯವರು ಮಾತ ಬಿಟ್ಟಿದ್ರು,” ಇದು ನಿಜಾಮಸಾಬ. “ಎಮ್ಮೀ ಜಗಳದಾಗ. ಚಲೋ ಬರದೀರಿ ಆ ಜಗಳಾ.”

“ಮಲಗಿತ್ತು! ಕೂಸು ಮಲಗಿತ್ತು!”

“ಮಲಗಿತ್ತು. ಆತ್ರಿ,” ಅಂದಳು ಅಕ್ಕವ್ವ. “ಎದ್ದ ಮ್ಯಾಲ?”

ಅಚ್ಚುಕೂಟದವರು ಓದಿದ್ದರು. ಶಾಲು ಹೊದಿಸಿದ ಸಂಘದ ಏಳು ಮಂದಿ ಓದಿದ್ದರು. ಮೂರು ಸಲ ಕರಡಚ್ಚು ತಿದ್ದಿದ್ದು ತಾವೇ. ಎಲ್ಲರೂ ಚಂದ್ರನನ್ನು ನೋಡುತ್ತ ಹೋಗಿದ್ದರು, ಕತ್ತಲ ಮನೆಯಲ್ಲಿ ಒಂದು ಕೂಸು ಒಂಬತ್ತು ವರ್ಷದಿಂದ ಬಿದ್ದುಕೊಂಡಿತ್ತು. ಬೆಳಗಾವಿಯಲ್ಲಿ ಹೊಸ ಲೇಖಕರಿಗೆ ತಾವು ತೋರಿಸಬೇಕಾದ ದಾರಿ ಇದೇ ಅಧ್ಯಾಯ.

“ಈ ಮಾತ ಗೋಕಾಕದಾಗ ಹೇಳಿದ್ರ ನಿನ್ನ ಗಂಟ ಏನ ಹೋಗತಿತ್ತು?” ಅವರು ಬಸವಣ್ಣೆಪ್ಪನ ಮೇಲೆ ಮತ್ತೆ ಎಗರಿದರು. ಬೇರೆ ಯಾರ ಮೇಲೆ ಎಗರಬೇಕೋ ತಿಳಿಯಲಿಲ್ಲ.

“ಅಕ್ಕವ್ವಾಯಿ ಬ್ಯಾಡ ಅಂದಿದ್ಳ್ರಿ. ಹೆಣ್ತಿ ಮುಂದ ಕೇಳಬ್ಯಾಡ, ಮನಿಯಾಗ ಅವರ ಮಾನಾ ಹೋಗತೈತಿ ಅಂದ್ಳು.”

“ಇಲ್ಲೆ ಇಷ್ಟ ಮಂದಿ ಮುಂದ ಹೋಗೂದಿಲ್ಲೇನು?”

“ಇಲ್ಲಿ ಹೊರಗಿನವರು ಯಾರದಾರ್ರಿ?” ಅಂದಳು ಅಕ್ಕವ್ವ. “ಎಲ್ಲಾರೂ ಆಕೀ ಬಳಗಾನ ಅದೀವಿ.”

ಮಳೆ ಸ್ವಲ್ಪ ಜೋರಾಯಿತು. ಮುರಿಗೆಪ್ಪನವರು ಚಾಳೀಸು ತೆಗೆದು ಧೋತರದ ಚುಂಗಿನಿಂದ ಒರೆಸಿದರು, ಒರೆಸಿದ್ದನ್ನೇ ಒರೆಸಿದರು. ಆ ಅಧ್ಯಾಯ ಬರೆದ ದಿನ ಅವರಿಗೆ ಚೆನ್ನಾಗಿ ನೆನಪಿತ್ತು. ಗೋಕಾಕದ ಹಳೆಯ ಮನೆ. ಕೊನೆಯ ಪುಟಗಳಿಗಾಗಿ ಅಚ್ಚಿನ ಮೊಳೆ ಕಟ್ಟಿಟ್ಟು ಕಾದಿದ್ದೇವೆ ಎಂದು ಅಚ್ಚುಕೂಟದಿಂದ ಮೂರನೆಯ ಪತ್ರ ಬಂದಿತ್ತು. ಶಂಕ್ರವ್ವನನ್ನು ಮುಂದೆ ಏನು ಮಾಡಬೇಕೆಂದು ಅವರಿಗೆ ತಿಳಿದಿರಲಿಲ್ಲ. ಆಕೆ ಎರಡು ವರ್ಷ ಅವರ ತಲೆ ತಿಂದಿದ್ದಳು. ಬರೆದಷ್ಟೂ ಗಟ್ಟಿಯಾಗುತ್ತ, ಹೇಳಿದ ಕಡೆ ಹೋಗದೆ, ಎದುರುತ್ತರ ಕೊಡುತ್ತ. ಮೊದಲೇ ಕೊನೆ ಗೊತ್ತಿತ್ತು ಎಂದು ಈಗ ಅಂದದ್ದೆಲ್ಲ ಆಮೇಲೆ ಹುಟ್ಟಿದ ಮಾತು. ಆ ಮುಂಜಾನೆ ಅವರಿಗೆ ಬೇಕಾಗಿದ್ದದ್ದು ಮುಗಿಸುವುದು ಒಂದೇ. ಮುಂಜಾನೆ ಕೂತು, ಸ್ನಾನದ ಹೊತ್ತಿಗೆ ಮುಳುಗಿಸಿ ಎದ್ದಿದ್ದರು. ಅಂದು ಊಟ ರುಚಿಯಾಗಿತ್ತು. ಎರಡು ಸಲ ಸಾರು ಹಾಕಿಸಿಕೊಂಡದ್ದೂ ನೆನಪಿದೆ.

“ನನಗ ಮರತ ಹೋತು,” ಅಂದರು.

ಯಾರೂ ನಗಲಿಲ್ಲ.

“ದಯಾ ತೋರಸಬಾರದು ಅಂತ ಅಲ್ಲ. ದಣದಿದ್ದೆ. ಆಕೀ ಕಾಟಾ ಸಾಕಾಗಿತ್ತು. ಮುಗದ್ರ ಸಾಕಾಗಿತ್ತು ನನಗ. ಆ ಗದ್ದಲದಾಗ ಕೂಸು ಮರತ ಹೋತು.”

“ಹಂಗ ಅನ್ರಿ ಮತ್ತ,” ಅಂದಳು ಅಕ್ಕವ್ವ, ಅವರ ಮೇಲೆ ಕರುಣೆ ಬಂದವಳಂತೆ. “ದಣದವರು ಮರೀತಾರ. ನಮ್ಮ ಮಾಳಪ್ಪ ಹೊಲದಾಗ ಮಗನ್ನ ಬಿಟ್ಟ ಎತ್ತ ಹೊಡಕೊಂಡ ಬಂದಿದ್ದ. ತಿರಗಿ ಹೋಗಿ ಕರಕೊಂಡ ಬಂದ. ಮುಗೀತು.”

“ತಿರಗಿ ಎಲ್ಲಿಗೆ ಹೋಗೂದ ಯವ್ವಾ? ಅಚ್ಚಾಗೇತಿ! ಮೂರ ಸಾವಿರ ಪುಸ್ತಕ ಮಂದೀ ಮನಿಯಾಗ ಅದಾವು. ನಾ ಇಲ್ಲೆ ಕುಂತ ಏನ ಬರದ್ರೂ ಅಲ್ಲೆ ಆಕಿ ಬೀಳತಾಳ, ಅಲ್ಲೆ ಕೂಸ ಇಲ್ಲ. ಗುರುವಾರ ನಾ ಏನ ಕಳಸಲಿ? ಕೂಸ ಮರಿಯೂದ ಹೆಂಗ ಅಂತ ಭಾಷಣಾ ಬರೀಲೇನು?”

“ಅದ ನನಗ ತಿಳಿಯೂದಿಲ್ರಿ,” ಅಂದಳು ಅವಳು. “ನಮ್ಮೂರಾಗ ಆಕಿ ಇನ್ನೂ ಬಾಗಲದಾಗ ನಿಂತಾಳ. ಇದರ ಮಟ್ಟಿಗೆ ಹೇಳ್ರಿ.”

ನಿಜಾಮಸಾಬ ಕೆಮ್ಮಿದ. “ಮಾಸ್ತರ್ರ, ಅರ್ಥಾ ಬೇಕಾದ್ದ ಹೇಳತೇನ್ರಿ ನಾ. ಓದ ನಿಂತಾಗಿಂದ ನನಗೂ ಆಸೆ ಆಗೇತಿ, ನಾನ ಒಂದ ಕೊನಿ ಕಟ್ಟಿ ಹೇಳಿಬಿಡಲೇನು ಅಂತ. ಆದ್ರ ಓದ ಇಲ್ದ ಅರ್ಥ ಹೇಳಾಕ ಬರೂದಿಲ್ಲ. ಒಂದ ಸಾಲಾರ ನಿಮ್ಮದ ಬೇಕು.”

ಮುರಿಗೆಪ್ಪನವರು ಕಣ್ಣು ಮುಚ್ಚಿ ಹುಡುಕಿದರು. ಸಾಲು ಬರಲಿಲ್ಲ. ಬಂದ ನಾಲ್ಕೈದು ಸಾಲುಗಳೂ ಚಂದ್ರನ ಕಡೆಯವೇ. ಅವನ್ನು ಒಂದೊಂದಾಗಿ ಒಳಗೇ ಹೊಡೆದುಹಾಕಿದರು. ಐದು ಪುಸ್ತಕ ಬರೆದವರಿಗೆ ಒಂದು ಕತ್ತಲಮನೆಯಲ್ಲಿ ಒಂದು ಕೂಸು ಏನು ಮಾಡುತ್ತಿದ್ದೀತೆಂದು ಹೊಳೆಯಲಿಲ್ಲ. ಕೊನೆಗೆ, ಸಂತೆಯಲ್ಲಿ ಮೊದಲ ಸಲ ಮಾತು ಕೇಳಲು ನಿಂತ ಗುಮಾಸ್ತನ ಹಾಗೆ, ಸೋತು ಕೇಳಿದರು:

“ಆವಾಗ ಅದಕ್ಕ ಎಷ್ಟ ತಿಂಗಳಾಗಿರಬೇಕ ಯವ್ವಾ?”

“ಎಂಟ ತುಂಬಿತ್ರಿ. ನಾವು ಲೆಕ್ಕಾ ಇಟ್ಟೀವಿ.”

“ಎಂಟ ತಿಂಗಳಿನ ಕೂಸು ಏನ ಮಾಡತೈತಿ?”

ಹೆಂಗಸರೆಲ್ಲ ಒಟ್ಟಿಗೆ ಹೇಳತೊಡಗಿದರು. ಹಲ್ಲು ಬರುತ್ತವೆ, ಸಿಕ್ಕಿದ್ದು ಕಡಿಯುತ್ತದೆ, ಅಂಬೆಗಾಲಿಡುತ್ತದೆ, ಬೂದಿ ತಿನ್ನುತ್ತದೆ. ಅಕ್ಕವ್ವ ಕೈ ಎತ್ತಿದಳು, ಎಲ್ಲರೂ ಸುಮ್ಮನಾದರು.

“ಅವ್ವ ಎದ್ದ ಹೊಂಟ್ಳು ಅಂದ್ರ ಎಂಥಾ ನಿದ್ದಿಯಾಗಿದ್ರೂ ಅದಕ್ಕ ಗೊತ್ತಾಕ್ಕೈತ್ರಿ. ಸೀರೀ ಸೆರಗ ಮುಟಗಿಯಾಗ ಹಿಡಕೊಂಡಿರತೈತಿ. ಬಿಡಸಾಕ ಹ್ವಾದ್ರ ಒಂದೊಂದ ಬೆರಳ ಬಿಡಸಬೇಕು. ಒಂದ ಬಿಡಸೂದ್ರಾಗ ಇನ್ನೊಂದ ಹಿಡೀತೈತಿ.”

“ಐದೂ ಬೆರಳ ಬಿಡಸಿ ಹೋಗಾಕ ಬರತಿತ್ತೇನ ಆಕಿಗೆ?”

“ಬಿಡಸಿ ನೋಡ್ರಿ ಬರಿಯೂಮುಂದ. ನಿಮಗನ ತಿಳೀತೈತಿ.”

ಮುರಿಗೆಪ್ಪನವರು ಕೈ ಚಾಚಿದರು. ಬಸವಣ್ಣೆಪ್ಪ ಚಾವಡಿಯಲ್ಲೇ ಇದ್ದ, ಊರ ಲೆಕ್ಕ ಬರೆಯುವ ಕುಲಕರ್ಣಿಯವರ ಪೆಟ್ಟಿಗೆಯಿಂದ ಒಂದು ಹಾಳೆ, ಒಂದು ಲೇಖಣಿ, ಮಸಿಕುಡಿಕೆ ತಂದ. ಕುಡಿಕೆಯಲ್ಲಿ ಮಸಿ ಒಣಗಿ ತಳಕ್ಕೆ ಹತ್ತಿಕೊಂಡಿತ್ತು. ಹೆಂಗಸರ ಸಾಲಿನಿಂದ ಒಬ್ಬಳು ಎದ್ದು ಬಂದು, ತಂಬಿಗೆಯಿಂದ ನಾಲ್ಕು ಹನಿ ನೀರು ಬಿಟ್ಟು, ಜೋಳದ ದಂಟಿನ ಸೀಳಿನಿಂದ ಕಲಕಿ, ಬೆರಳಿಗೆ ಹತ್ತಿದ್ದನ್ನು ಗೋಡೆಗೆ ಒರೆಸಿ ಹೋದಳು. ಅವರು ಅದ್ದಿ, ಸೆರಗು ಹಿಡಿದ ಕೂಸಿನ ಸಾಲು ಬರೆಯತೊಡಗಿದರು. ಮೊದಲ ಅಕ್ಷರ ಹಾಳೆಯ ಮೇಲೆ ಕಾಣಲೇ ಇಲ್ಲ, ಒದ್ದೆ ಗೆರೆ ಮಾತ್ರ ಬಂತು. ಇನ್ನೊಮ್ಮೆ, ತಳ ಕೆರೆದು ಅದ್ದಿ, ಅದೇ ಅಕ್ಷರದ ಮೇಲೆ ತಿದ್ದಿದರು.